ಕಾಲೇಜಿನ ಕಾರ್ನರ್ ಹುಡುಗ ಪ್ರೋ ಕಬಡ್ಡಿಗೆ ಆಗುತ್ತಾನಾ? ನೋಡುವುದು ಹೇಗೆ

ಕಳೆದ ಫೆಬ್ರವರಿಯಲ್ಲಿ ಉಡುಪಿ ಕಡೆಯ ಕಾಪು ಹತ್ತಿರ ಒಂದು ಹೊನಲು ಬೆಳಕಿನ ಪಂದ್ಯಾಟ. ರಾತ್ರಿ ಹನ್ನೆರಡೂವರೆ ಆಗಿತ್ತು. ಎಡ ಕಾರ್ನರ್‌ನಲ್ಲಿ (ಹಿಡಿಯುವವರ ಸಾಲಿನ ಎಡ ತುದಿ) ಎರಡನೇ ವರ್ಷದ ಬಿ.ಕಾಂ. ಹುಡುಗ. ಅವನ ತಂಡ ಎರಡು ಪಾಯಿಂಟ್ ಮುಂದೆ, ಆಟ ಮುಗಿಯಲು ಎರಡು ನಿಮಿಷವೂ ಇಲ್ಲ. ರೈಡರ್ ಬಂದು ಅವನ ಎದುರಿಗೇ ನಿಂತು, ಕಾಲು ಚಾಚಿ ಎಳೆದು, ಚಾಚಿ ಎಳೆದು, ಬಾ ಹಿಡಿ ಅನ್ನುವ ಹಾಗೆ ಕರೆಯುತ್ತಿದ್ದಾನೆ. ಸುತ್ತ ಕೂತವರದು "ಹಿಡಿ, ಹಿಡಿ" ಅಂತ ಒಂದೇ ಬೊಬ್ಬೆ. ಹುಡುಗ ಹಿಡಿಯಲಿಲ್ಲ. ಅರ್ಧ ಹೆಜ್ಜೆ ಹಿಂದೆ ಹೋದ, ಅರ್ಧ ಹೆಜ್ಜೆ ಮುಂದೆ ಬಂದ, ಸೊಂಟ ಮಾತ್ರ ಒಮ್ಮೆಯೂ ಮೇಲೆ ಏಳಲಿಲ್ಲ. ರೈಡ್‌ನ ಮೂವತ್ತು ಸೆಕೆಂಡ್ ಮುಗಿಯುತ್ತಾ ಬಂತು, ರೈಡರ್ ಖಾಲಿ ಕೈಯಲ್ಲಿ ವಾಪಸ್ ಹೋದ. ನನ್ನ ಪಕ್ಕ ಕೂತಿದ್ದವರು "ಇವನಿಗೆ ಧೈರ್ಯ ಇಲ್ಲ ಮಾರಾಯ" ಎಂದರು. ನಾನು ನನ್ನ ಪುಸ್ತಕದಲ್ಲಿ ಹುಡುಗನ ಜೆರ್ಸಿ ನಂಬರ್ ಬರೆದು ಅಡಿಗೆರೆ ಎಳೆದೆ.

ಯಾಕೆಂದರೆ ಅದು ಎದುರಾಳಿಯ ಮೊದಲ ಖಾಲಿ ರೈಡ್. ಮುಂದೆ ಇರುವ ತಂಡಕ್ಕೆ ಅಲ್ಲಿ ಹಿಡಿಯುವ ಅಗತ್ಯವೇ ಇಲ್ಲ. ಎರಡು ಖಾಲಿ ಹೋದರೆ ಮೂರನೆಯದು ಡು ಆರ್ ಡೈ, ಆಗ ರೈಡರ್ ತಾನಾಗಿಯೇ ಒಳಗೆ ಬರಬೇಕು, ಪಾಯಿಂಟ್ ತೆಗೆಯದೆ ಹೋದರೆ ಔಟ್. ಈ ಲೆಕ್ಕ ಹತ್ತೊಂಬತ್ತು ವರ್ಷದ ಹುಡುಗನ ತಲೆಯಲ್ಲಿ, ಅಷ್ಟು ಬೊಬ್ಬೆಯ ಮಧ್ಯೆ, ಓಡುತ್ತಿತ್ತು. ಕಾರ್ನರ್ ಆಟಗಾರನನ್ನು ಅಳೆಯಲು ನಾನು ಮೊದಲು ನೋಡುವುದು ಇದನ್ನೇ, ಅವನು ಹಿಡಿಯದೇ ಬಿಟ್ಟ ರೈಡ್‌ಗಳನ್ನು.

ನಮ್ಮ ಊರುಗಳಲ್ಲಿ ಈಗ ಪಿ.ಇ. ಸರ್‌ಗಳು, ಕ್ಲಬ್‌ನ ಅಣ್ಣಂದಿರು, ಹುಡುಗರ ಅಪ್ಪಂದಿರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇವನು ಪ್ರೋ ಕಬಡ್ಡಿಗೆ ಆಗುತ್ತಾನಾ? ನಮ್ಮ ಕಡೆಯಿಂದ ಹೋದವರಲ್ಲಿ ಸುಕೇಶ್ ಹೆಗ್ಡೆ, ಪ್ರಶಾಂತ್ ರೈ ಹೆಸರು ಎಲ್ಲರಿಗೂ ಗೊತ್ತು, ಇಬ್ಬರೂ ರೈಡರ್‌ಗಳು. ಹಾಗಾಗಿ ರೈಡರ್ ಹುಡುಗನನ್ನು ಗುರುತಿಸುವುದು ನಮಗೆ ಸುಲಭ, ಡಿಫೆಂಡರ್ ವಿಷಯದಲ್ಲಿ ಕಣ್ಣು ಇನ್ನೂ ಪಳಗಿಲ್ಲ ಅಂತ ನನಗೆ ಅನಿಸುತ್ತದೆ. ಆದರೆ ಹರಾಜು ನೋಡಿ. 2023ರಲ್ಲಿ ಪುಣೇರಿ ಪಲ್ಟನ್ ಇರಾನಿನ ಎಡ ಕಾರ್ನರ್ ಮೊಹಮ್ಮದ್‌ರೆಜಾ ಶಾದ್ಲುಯಿಗೆ 2.35 ಕೋಟಿ ಕೊಟ್ಟಿತು, ಆ ಸೀಸನ್ ಕಪ್ ಗೆದ್ದಿತು. ಮುಂದಿನ ವರ್ಷ ಅವನು ಹರಿಯಾಣ ಸ್ಟೀಲರ್ಸ್‌ಗೆ ಹೋದ, ಆ ಕಪ್ ಹರಿಯಾಣಕ್ಕೆ. ಒಬ್ಬನಿಂದಲೇ ಕಪ್ ಬಂತು ಅಂತ ಹೇಳುತ್ತಿಲ್ಲ, ಆದರೆ ಒಳ್ಳೆಯ ಕಾರ್ನರ್‌ಗೆ ಎಷ್ಟು ಬೆಲೆ ಇದೆ ಅಂತ ಇದರಿಂದ ಗೊತ್ತಾಗುತ್ತದೆ ಅಲ್ವಾ.

ಮೊದಲು ಜಾಗ ಅರ್ಥ ಮಾಡಿಕೊಳ್ಳಿ. ಗಂಡಸರ ಅಂಕಣದಲ್ಲಿ ನಡುಗೆರೆಯಿಂದ ಹಿಂದಿನ ಗೆರೆಗೆ 6.5 ಮೀಟರ್. ರೈಡರ್ ದಾಟಲೇಬೇಕಾದ ಬಾಕ್ ಲೈನ್ 3.75 ಮೀಟರ್‌ಗೆ, ಹೆಚ್ಚಿನ ಪಾಯಿಂಟ್‌ಗೆ ರೈಡರ್ ಕಾಲಿಡುವ ಬೋನಸ್ ಗೆರೆ ಅದರಿಂದ ಒಂದು ಮೀಟರ್ ಆಚೆ. ಅಂದರೆ ಬೋನಸ್ ಗೆರೆಯ ಹಿಂದೆ ಉಳಿಯುವುದು 1.75 ಮೀಟರ್ ಮಾತ್ರ. ಕಾರ್ನರ್ ಹುಡುಗನ ಮನೆ ಅಷ್ಟೇ. ಹಿಂದೆ ಗೆರೆ, ಪಕ್ಕದಲ್ಲಿ ಲಾಬಿ, ಅಂದರೆ ಅಂಕಣದ ಅಂಚಿನ ಪಟ್ಟಿ. ರೈಡರ್‌ನನ್ನು ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟರೆ ತಾನೇ ಔಟ್. ಈ ಚಿಕ್ಕ ಜಾಗದಲ್ಲಿ ಹಿಂದೆ ನೋಡದೆ ಗೆರೆ ಎಲ್ಲಿದೆ ಅಂತ ಕಾಲಿಗೆ ಗೊತ್ತಿರಬೇಕು. ಪಂದ್ಯದ ನಡುವೆ ಹುಡುಗ ಪದೇ ಪದೇ ತಲೆ ತಗ್ಗಿಸಿ ಗೆರೆ ನೋಡುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ತಿದ್ದಬಹುದಾದ ತಪ್ಪು ಅದು, ಆದರೆ ತಿದ್ದಲು ಸಮಯ ಬೇಕು.

ಈಗ ಕಾಲು. ಪಂದ್ಯ ನೋಡುವಾಗ ಎಲ್ಲರ ಕಣ್ಣು ರೈಡರ್ ಮೇಲೆ ಹೋಗುತ್ತದೆ, ಅದು ಸಹಜ. ನೀವು ಕನಿಷ್ಠ ಹತ್ತು ರೈಡ್ ರೈಡರ್‌ನನ್ನು ನೋಡಲೇಬೇಡಿ. ಹುಡುಗನ ಸೊಂಟದಿಂದ ಕೆಳಗೆ ಮಾತ್ರ ನೋಡಿ. ಹಿಮ್ಮಡಿ ಹಗುರವಾಗಿ, ಭಾರ ಮುಂಗಾಲಲ್ಲಿ ಇದೆಯಾ? ರೈಡರ್ ಸುಳ್ಳು ಒದೆ ತೋರಿಸಿದಾಗ ಸೊಂಟ ಮೇಲೆ ಎದ್ದು ಬರುತ್ತದಾ? ಸೊಂಟ ಎದ್ದರೆ ಮುಗಿಯಿತು, ಮತ್ತೆ ತಗ್ಗಿ ಕಾಲು ಹಿಡಿಯುವಷ್ಟರಲ್ಲಿ ರೈಡರ್ ಬಾಕ್ ಲೈನ್ ದಾಟಿ ವಾಪಸ್ ಹೋಗಿರುತ್ತಾನೆ. ಮೊದಲ ಹತ್ತು ನಿಮಿಷ ಎಲ್ಲರೂ ತಗ್ಗಿಯೇ ನಿಲ್ಲುತ್ತಾರೆ. ಎರಡನೇ ಅರ್ಧದಲ್ಲಿ, ತೊಡೆ ಉರಿಯಲು ಶುರುವಾದ ಮೇಲೆ ಯಾರು ತಗ್ಗಿ ನಿಲ್ಲುತ್ತಾರೆ ಅನ್ನುವುದೇ ವಿಷಯ.

ಆ್ಯಂಕಲ್ ಹೋಲ್ಡ್ (ರೈಡರ್‌ನ ಕಣಕಾಲು ಹಿಡಿಯುವುದು) ಅಂದರೆ ಕಾರ್ನರ್‌ನ ಅನ್ನ. ಇಲ್ಲಿ ಹಿಡಿತದ ಬಲಕ್ಕಿಂತ ಜಾಸ್ತಿ ನೋಡಬೇಕಾದದ್ದು ಹಿಡಿಯಲು ಹೊರಟ ಹೊತ್ತನ್ನು. ರೈಡರ್ ಬೋನಸ್‌ಗೆ ಒಂದು ಕಾಲು ಗೆರೆ ದಾಟಿಸಿ ಇಟ್ಟು, ಹಿಂದಿನ ಕಾಲನ್ನು ಗಾಳಿಯಲ್ಲಿ ಎತ್ತುತ್ತಾನೆ, ನಿಯಮ ಹಾಗೆ. ಆ ಕ್ಷಣ ಅವನ ಇಡೀ ಮೈ ಭಾರ ಮುಂದಿನ ಕಾಲ ಮೇಲೆ ಇರುತ್ತದೆ, ಅದನ್ನು ಅವನು ಎಳೆದುಕೊಳ್ಳಲಾರ. ಒಳ್ಳೆಯ ಕಾರ್ನರ್ ಹೊರಡುವುದು ಆ ಕಾಲು ನೆಲಕ್ಕೆ ಊರಿದ ಮೇಲೆ. ಅವಸರದ ಹುಡುಗ ಕಾಲು ಗಾಳಿಯಲ್ಲಿ ಬರುತ್ತಿರುವಾಗಲೇ ಹಾರುತ್ತಾನೆ, ಅದನ್ನೇ ಅಡ್ವಾನ್ಸ್ ಟ್ಯಾಕಲ್ ಅನ್ನುವುದು. ಕಾಲೇಜು ಮಟ್ಟದಲ್ಲಿ ಅದರಲ್ಲೂ ಅರ್ಧ ಸಲ ಸಿಕ್ಕಿಬಿಡುತ್ತದೆ, ರೈಡರ್ ಅಷ್ಟು ಚುರುಕಿಲ್ಲ. ಮೇಲೆ ಹೋದರೆ ಒಂದೂ ಸಿಗುವುದಿಲ್ಲ. ಹಾಗಾಗಿ ಯಶಸ್ವಿ ಟ್ಯಾಕಲ್ ಅಂತ ಸುಮ್ನೆ ಟಿಕ್ ಹಾಕಬೇಡಿ, ಹೊರಟ ಹೊತ್ತು ಸರಿ ಇತ್ತಾ ಅಂತ ಬೇರೆ ಬರೆಯಿರಿ.

ಹಿಡಿದ ಮೇಲೆ ಎರಡನೇ ಸೆಕೆಂಡ್ ನೋಡಿ. ಕೈ ಮಣಿಕಟ್ಟಿಗೆ ಮಣಿಕಟ್ಟು ಬೀಗ ಹಾಕಿದ ಹಾಗೆ ಕೂತಿದೆಯಾ, ಗಲ್ಲ ಎದೆಗೆ ಒತ್ತಿ ತಲೆ ರೈಡರ್‌ನ ಕಾಲಿನ ಹೊರಗೆ ಇದೆಯಾ, ಅಥವಾ ಮೊಣಕಾಲಿನ ದಾರಿಯಲ್ಲೇ ಮುಖ ಇದೆಯಾ? ತಲೆ ತಪ್ಪು ಕಡೆ ಇಡುವ ಹುಡುಗ ಎಷ್ಟೇ ಗಟ್ಟಿ ಇರಲಿ, ಒಂದಲ್ಲ ಒಂದು ದಿನ ಪೆಟ್ಟು ತಿನ್ನುತ್ತಾನೆ. ಇದನ್ನು ಆ ದಿನವೇ ಅವನಿಗೆ ಹೇಳಿ, ಆಯ್ಕೆಗೂ ಇದಕ್ಕೂ ಸಂಬಂಧ ಇಲ್ಲ.

ಅಂಕಿಗಳ ವಿಷಯ. ಪ್ರೋ ಕಬಡ್ಡಿಯಲ್ಲಿ ಒಂದು ಸೀಸನ್‌ಗೆ 100 ಟ್ಯಾಕಲ್ ಪಾಯಿಂಟ್ ಮುಟ್ಟಿದ ಮೊದಲ ಆಟಗಾರ ಯು.ಪಿ. ಯೋಧಾದ ಬಲ ಕಾರ್ನರ್ ನಿತೇಶ್ ಕುಮಾರ್, ಆರನೇ ಸೀಸನ್‌ನಲ್ಲಿ. ಅಂದರೆ ಪಂದ್ಯಕ್ಕೆ ಸುಮಾರು ನಾಲ್ಕು. ಅತ್ಯುತ್ತಮ ಅನ್ನಿಸಿಕೊಂಡ ಸೀಸನ್‌ನ ಲೆಕ್ಕ ಅದು. ಅಲ್ಲಿ ಹೆಸರಾದ ಡಿಫೆಂಡರ್‌ಗಳೂ ಕೈ ಹಾಕಿದ್ದರಲ್ಲಿ ಹತ್ತಿರ ಹತ್ತಿರ ಅರ್ಧವನ್ನೇ ಹಿಡಿಯುವುದು. ಹಾಗಿರುವಾಗ ನಮ್ಮ ಅಂತರ್ ಕಾಲೇಜು ಪಂದ್ಯಾಟದಲ್ಲಿ ಒಬ್ಬ ಒಂದೇ ಪಂದ್ಯದಲ್ಲಿ ಒಂಬತ್ತು ಹಿಡಿದ ಅಂದರೆ ಖುಷಿ ಪಡುವ ಮೊದಲು ಎದುರಿಗೆ ಬಂದ ರೈಡರ್ ಯಾರು ಅಂತ ಕೇಳಿ. ನಾನು ಪುಸ್ತಕದಲ್ಲಿ ಪ್ರತಿ ಟ್ಯಾಕಲ್ ಎದುರು ಮೂರು ಗುರುತು ಹಾಕುತ್ತೇನೆ: ಮೊದಲ ಕೈ ಇವನದಾ ಅಥವಾ ಬೇರೆಯವರು ಹಿಡಿದ ಮೇಲೆ ಬಂದು ಬಿದ್ದನಾ, ಅದು ಥರ್ಡ್ ರೈಡ್ (ಡು ಆರ್ ಡೈ) ಆಗಿತ್ತಾ, ಅಂಕಣದಲ್ಲಿ ಎಷ್ಟು ಜನ ಇದ್ದರು. ಮೂರೇ ಜನ ಇದ್ದಾಗ ಮೊದಲ ಕೈ ಹಾಕಿ ಮಾಡಿದ ಒಂದು ಸೂಪರ್ ಟ್ಯಾಕಲ್, ಏಳು ಜನ ಇದ್ದಾಗ ರಾಶಿ ಬಿದ್ದು ಹಿಡಿದ ನಾಲ್ಕಕ್ಕೆ ಸಮ ಅಂತ ನನ್ನ ಲೆಕ್ಕ.

ಮಣ್ಣು ಮತ್ತು ಮ್ಯಾಟ್. ಇದರಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಕೆಲವು ವರ್ಷದ ಹಿಂದೆ ಉಡುಪಿ ಕಡೆಯ ಒಬ್ಬ ಹುಡುಗನನ್ನು ಮಣ್ಣಿನ ಅಂಕಣದಲ್ಲಿ ಮಾತ್ರ ನೋಡಿ, ಅವನ ಡೈವ್‌ಗೆ ಮರುಳಾಗಿ, ಒಂದು ತಂಡದ ಟ್ರಯಲ್ಸ್‌ಗೆ ಕಳಿಸಿದೆ. ಮಣ್ಣಲ್ಲಿ ಬರಿಗಾಲು, ಹಾರಿ ಬಿದ್ದ ಮೇಲೆ ಮೈ ಒಂದಡಿ ಮುಂದಕ್ಕೆ ಜಾರುತ್ತದೆ, ಆ ಒಂದಡಿ ಸೇರಿಸಿಯೇ ಅವನ ಅಳತೆ. ಮ್ಯಾಟ್ ಮೇಲೆ ಮೈ ಬಿದ್ದಲ್ಲೇ ಅಂಟಿಕೊಂಡಿತು. ಮೂರು ಸಲ ಹಾರಿದ, ಮೂರು ಸಲವೂ ಬೆರಳು ಗೇಣು ದೂರದಲ್ಲಿ ನಿಂತಿತು. ಮೊಣಕೈ ಸುಲಿದು ರಕ್ತ ಬಂತು, ಹುಡುಗ ಬಸ್ಸಿನಲ್ಲಿ ಬರುವಾಗ ಒಂದು ಮಾತೂ ಆಡಲಿಲ್ಲ. ತಪ್ಪು ನನ್ನದು. ಅಂದಿನಿಂದ ಶೂ ಹಾಕಿ ಮ್ಯಾಟ್ ಮೇಲೆ ಕನಿಷ್ಠ ನಾಲ್ಕು ಪಂದ್ಯ ಆಡಿದ್ದನ್ನು ನೋಡದೆ ನಾನು ಯಾರ ಹೆಸರನ್ನೂ ಮುಂದೆ ಕಳಿಸುವುದಿಲ್ಲ. ಮ್ಯಾಟ್ ಇಲ್ಲದ ಕಾಲೇಜಿನ ಹುಡುಗನಾದರೆ, ಮ್ಯಾಟ್ ಇರುವ ಕಾಲೇಜಿನ ಪಿ.ಇ. ಸರ್ ಹತ್ತಿರ ಕೇಳಿಕೊಳ್ಳಿ, ಸಂಜೆ ಎರಡು ಗಂಟೆ ಬಿಟ್ಟುಕೊಡುವವರು ನಮ್ಮಲ್ಲಿ ಇದ್ದಾರೆ.

ಬಾಯಿ ಕೂಡ ನೋಡಿ, ಅಂದರೆ ಮಾತು. ಮೂಲೆಯಲ್ಲಿ ನಿಂತವನಿಗೆ ಇಡೀ ಸಾಲು ಕಾಣುತ್ತದೆ. ಅವನು "ಬೋನಸ್", "ಥರ್ಡ್" ಅಂತ ಕೂಗುತ್ತಾನಾ, ಕವರ್ (ಸಾಲಿನ ಒಳಗೆ ನಿಲ್ಲುವ ಡಿಫೆಂಡರ್) ಮುಂದೆ ಹೋಗುವಾಗ ತುಳುವಿನಲ್ಲಿ "ಬುಡ್ಲ ಬುಡ್ಲ" (ಬಿಡು ಬಿಡು) ಅಂತ ತಡೆಯುತ್ತಾನಾ? ಪಕ್ಕದಲ್ಲಿ ನಿಲ್ಲುವ ಇನ್ ಆಟಗಾರನ ಕೈ ಹಿಡಿದು ಚೈನ್‌ನಲ್ಲಿ ಇರುವಾಗ ಸರಿಯಾದ ಹೊತ್ತಿಗೆ ಕೈ ಬಿಡುತ್ತಾನಾ? ಕೈ ಬಿಡಲು ತಡವಾದರೆ ಒಬ್ಬರ ಜೊತೆ ಇನ್ನೊಬ್ಬರೂ ಎಳೆದುಕೊಂಡು ಹೋಗಿ ಬೀಳುತ್ತಾರೆ. ಒಂದು ಮಾತು, ಮೇಲಿನ ತಂಡಗಳಲ್ಲಿ ಪಕ್ಕ ನಿಲ್ಲುವವನು ಹರಿಯಾಣದ ಹುಡುಗ ಇರಬಹುದು, ಅವನಿಗೆ ತುಳು ಬರುವುದಿಲ್ಲ. ಅಂಕಣಕ್ಕೆ ಬೇಕಾದ ಹತ್ತು ಹಿಂದಿ ಶಬ್ದ ಈಗಲೇ ಕಲಿಸಿ.

ಮೈಕಟ್ಟಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೀನಿಯರ್ ಗಂಡಸರ ಮಿತಿ 85 ಕೆ.ಜಿ., ಅದರೊಳಗೆ ಇದ್ದು ಕಾಲು ಚುರುಕಾಗಿದ್ದರೆ ಸಾಕು. ಎತ್ತರಕ್ಕಿಂತ ಕೈ ಉದ್ದ ಮುಖ್ಯ. ಆದರೆ ಕೀಲು ಮತ್ತು ಭುಜದ ಹಳೆ ಪೆಟ್ಟಿನ ಬಗ್ಗೆ ಕೇಳಿ, ಮುಚ್ಚಿಡದೆ ಹೇಳು ಅಂತ ಕೇಳಿ. ಹುಡುಗರು ಭುಜ ಜಾರಿದ್ದನ್ನು ಹೇಳುವುದೇ ಇಲ್ಲ, ಅಮ್ಮನನ್ನು ಕೇಳಿದರೆ ಗೊತ್ತಾಗುತ್ತದೆ. ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿ ತಿನ್ನುತ್ತಿದ್ದರೆ ಅವತ್ತೇ ನಿಲ್ಲಿಸಿ, ನಾಡಾದ (ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆಯಲ್ಲಿ ಗೊತ್ತಿಲ್ಲದೆ ತಿಂದೆ ಅಂದರೆ ಬಿಡುವುದಿಲ್ಲ.

ಅನುಮಾನ ಉಳಿದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಹಳೆಯ ಬೈರಾಸಿನ (ಟವೆಲ್) ಒಂದು ತುಂಡು ಹರಿದು ರೈಡರ್‌ನ ಶೂ ಒಳಗೆ ಸಿಕ್ಕಿಸಿ, ಗೇಣುದ್ದ ಹೊರಗೆ ಇರಲಿ. ರೈಡರ್ ಇಪ್ಪತ್ತು ಸಲ ಬೋನಸ್‌ಗೆ ಬರಲಿ, ಕೆಲವು ನಿಜ, ಕೆಲವು ಸುಳ್ಳು. ಕಾರ್ನರ್ ಬಟ್ಟೆ ಎಳೆಯಬೇಕು, ಆದರೆ ಎಳೆಯುವುದು ಬೇಡ ಅನಿಸಿದರೆ ಬಿಡಬಹುದು. ಇಪ್ಪತ್ತಕ್ಕೆ ಇಪ್ಪತ್ತೂ ಕೈ ಹಾಕುವವನಿಗೆ ಇನ್ನೂ ಒಂದು ವರ್ಷ ಬೇಕು. ಎಂಟು ಸಲ ಕೈ ಹಾಕಿ ಐದು ಎಳೆದವನನ್ನು ನಾನು ಮತ್ತೆ ಕರೆಯುತ್ತೇನೆ. ಇದನ್ನೆಲ್ಲ ಫೋನಿನಲ್ಲಿ ತೆಗೆಯಿರಿ, ಆದರೆ ಪಕ್ಕದಿಂದ ಬೇಡ, ಹಿಂದಿನ ಗೆರೆಯ ಆಚೆ, ಕಾರ್ನರ್‌ನ ಬೆನ್ನ ಹಿಂದೆ ಸ್ವಲ್ಪ ಓರೆಯಾಗಿ ನಿಂತು, ಮೊಣಕಾಲೆತ್ತರದಲ್ಲಿ. ಅಲ್ಲಿಂದ ಮಾತ್ರ ಅವನ ಹಿಮ್ಮಡಿ ಮತ್ತು ರೈಡರ್‌ನ ಪಾದ ಒಟ್ಟಿಗೆ ಕಾಣುತ್ತವೆ.

ಮುಂದಿನ ದಾರಿ ಮನೆಯವರಿಗೆ ಸರಿಯಾಗಿ ತಿಳಿಸಿ. ವಿಶ್ವವಿದ್ಯಾಲಯ ತಂಡ, ಅಂತರ್ ವಿಶ್ವವಿದ್ಯಾಲಯ ಪಂದ್ಯಾಟ, ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್, ಇಲ್ಲಿಂದಲೂ ಬಾಗಿಲು ಇದೆ. 2022ರ ಹರಾಜಿನ ಪಟ್ಟಿಗೆ ಆ ಗೇಮ್ಸ್‌ನ ಫೈನಲ್ ಆಡಿದ ಎರಡು ತಂಡಗಳ 24 ಆಟಗಾರರನ್ನು ಸೇರಿಸಿದ್ದರು. ಇನ್ನೊಂದು, ಫ್ರಾಂಚೈಸಿಗಳು ಹೊಸ ಯುವ ಆಟಗಾರರು ಅಂತ ಹರಾಜಿನ ಹೊರಗೇ ತೆಗೆದುಕೊಳ್ಳುವುದು. 2024ರ ಹರಾಜಿನಲ್ಲಿ ಕೆಳಗಿನ ಡಿ ವರ್ಗದ ಮೂಲ ಬೆಲೆ 9 ಲಕ್ಷ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರಾದರೂ ಕೊಳ್ಳುತ್ತಾರೆ ಅಂತ ಅಲ್ಲ. ಡಿಗ್ರಿ ಬಿಡಿಸಬೇಡಿ. ರೈಲ್ವೆ, ಪೊಲೀಸ್, ಬ್ಯಾಂಕ್‌ನ ಕ್ರೀಡಾ ಕೋಟಾ ಕೆಲಸಕ್ಕೂ ಆ ಕಾಗದ ಬೇಕು.

ಕೊನೆಗೆ, ನೋಡಿ ಬರೆದದ್ದನ್ನು ಹುಡುಗನಿಗೆ ತೋರಿಸಿ. ತಿದ್ದಿಕೊಳ್ಳುವ ಹುಡುಗನಾ ಅಂತ ಗೊತ್ತಾಗುವುದು ಆಗಲೇ. ಕಾಪುವಿನಲ್ಲಿ ಪಂದ್ಯ ಮುಗಿದ ಮೇಲೆ ಶಾಮಿಯಾನದ ಹಿಂದೆ ಆ ಎಡ ಕಾರ್ನರ್ ಚರುಮುರಿ ತಿನ್ನುತ್ತಾ ಕೂತಿದ್ದ. ಅವನು ಸೋತ ಎರಡು ಟ್ಯಾಕಲ್‌ಗಳ ವಿಡಿಯೋ ನನ್ನ ಫೋನಿನಲ್ಲಿತ್ತು, ಏನೂ ಹೇಳದೆ ಕೊಟ್ಟೆ. ಒಮ್ಮೆ ನೋಡಿದ. ಪೊಟ್ಟಣ ಪಕ್ಕಕ್ಕಿಟ್ಟು, ಬೆರಳು ಒರೆಸಿಕೊಂಡು, ನಿಧಾನ ಮಾಡಿ ಮತ್ತೆ ನೋಡಿದ. "ಅಣ್ಣ, ಎರಡರಲ್ಲೂ ನನ್ನ ಹಿಮ್ಮಡಿ ನೆಲಕ್ಕೆ ಕೂತಿದೆ" ಎಂದ. ನಾನು ಅದನ್ನು ಗಮನಿಸಿರಲಿಲ್ಲ. ಅವನ ನಂಬರ್ ಕೆಳಗೆ ಈ ಮಾತನ್ನೂ ಬರೆದುಕೊಂಡು, ಸೋಮವಾರ ಸಂಜೆ ಶೂ ತೆಗೆದುಕೊಂಡು ಮ್ಯಾಟ್‌ಗೆ ಬಾ ಅಂದೆ.