ಲೆಕ್ಕದಲ್ಲಿ 1.050, ಹೈಡ್ರೋಮೀಟರಿನಲ್ಲಿ 1.043

ಮೂರು ಸಲ ಬಿಯರ್ ಮಾಡಿದೆ, ಮೂರು ಸಲವೂ ಇದೇ ಕಥೆ. 20 ಲೀಟರಿಗೆ 4.5 ಕೆಜಿ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹಾಕಿದರೆ ಹುದುಗುವ ಮೊದಲು ಸಾಂದ್ರತೆ 1.050 ಬರುತ್ತದೆ ಅಂತ ಬಿಯರ್ ರೆಸಿಪಿ ಲೆಕ್ಕ ಹಾಕುವ ಸಾಫ್ಟ್‌ವೇರ್ ತೋರಿಸುತ್ತಿತ್ತು, ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ನನಗೆ ಸಿಗುತ್ತಿದ್ದದ್ದು 1.043. ಮಾಲ್ಟ್ ಸರಿಯಿಲ್ಲ ಅಂದುಕೊಂಡು ಸುಮ್ನೆ ಬೇರೆ ಮಾಲ್ಟ್ ತಂದೆ. ಏನೂ ಬದಲಾಗಲಿಲ್ಲ.

ತಪ್ಪು ಇದ್ದದ್ದು ಸಾಫ್ಟ್‌ವೇರಿನ ಎಫಿಶಿಯನ್ಸಿ ಅನ್ನುವ ಅಂಕಣದಲ್ಲಿ. ಅಲ್ಲಿ ಮೊದಲಿಂದಲೇ 72% ಅಂತ ತುಂಬಿತ್ತು, ನಾನು ಅದನ್ನು ಮುಟ್ಟಿರಲೇ ಇಲ್ಲ. ಮಾಲ್ಟಿನಲ್ಲಿರುವ ಸಕ್ಕರೆಯಲ್ಲಿ ಎಷ್ಟು ಪಾಲು ನಿಜವಾಗಿ ನಮ್ಮ ಪಾತ್ರೆಗೆ ಇಳಿಯುತ್ತದೆ ಅನ್ನುವುದು ಆ ಅಂಕಿ, ಅದು ಒಬ್ಬೊಬ್ಬರ ಸಲಕರಣೆಗೆ ಒಂದೊಂದು ತರ ಇರುತ್ತದೆ ಅಲ್ವಾ. ಲೆಕ್ಕ ಸುಲಭ: ಸಾಂದ್ರತೆಯಲ್ಲಿ 1.000 ಅಂದರೆ ಬರೀ ನೀರು, ಅದರ ಮೇಲಿನ ಅಂಕಿಗಳನ್ನಷ್ಟೇ ತೆಗೆದುಕೊಂಡು 43ನ್ನು 50ರಿಂದ ಭಾಗಿಸಿ 72ರಿಂದ ಗುಣಿಸಿದೆ, ಸುಮಾರು 62 ಬಂತು. ಆದರೆ ಅದಕ್ಕೆ ಮೊದಲು ಕೊನೆಗೆ ಉಳಿದ ದ್ರವ ನಿಜವಾಗಿಯೂ 20 ಲೀಟರ್ ಇದೆಯಾ ಅಂತ ಅಳೆದು ನೋಡಿ, ಇಲ್ಲದಿದ್ದರೆ ಈ ಲೆಕ್ಕವೇ ಸುಳ್ಳಾಗುತ್ತದೆ. ಹೈಡ್ರೋಮೀಟರ್ ಓದುವಾಗಲೂ ದ್ರವ ತಣ್ಣಗಾಗಿರಬೇಕು, ನನ್ನದು 20 ಡಿಗ್ರಿಗೆ ಹೊಂದಿಸಿದ್ದು.

62 ಅಂತ ತಿದ್ದಿ, ರೆಸಿಪಿಯಲ್ಲಿ ಮಾಲ್ಟನ್ನು 5.2 ಕೆಜಿಗೆ ಏರಿಸಿದೆ. ಕಹಿಗೆ ಹಾಕುವ ಹಾಪ್ಸ್ ಹೂವಿನ ಪ್ರಮಾಣ ಮುಟ್ಟಲಿಲ್ಲ. ಈ ಅಂಕಿಯನ್ನು ಒಂದು ರೆಸಿಪಿಯಲ್ಲಿ ಮಾತ್ರ ತಿದ್ದಿದರೆ ಸಾಲದು, ಸಲಕರಣೆಯ ಪ್ರೊಫೈಲಿನಲ್ಲೇ ಉಳಿಸಿಡಿ. ಮುಂದಿನ ಸಲ 1.050 ನೋಡಿದಾಗ ಆದ ಖುಷಿ ಅಷ್ಟಿಷ್ಟಲ್ಲ.