ಆಯಿಲ್ ಸೀಲ್ ಹಾಕುವಾಗ ಅವಸರ ಬೇಡ

ತಿರುಗುವ ಶಾಫ್ಟಿನ (ದಂಡದ) ಸುತ್ತ ಕೂತು ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆಯೇ ಆಯಿಲ್ ಸೀಲ್. ಹೊಸದನ್ನು ಹಾಕಿಸಿದ ವಾರಕ್ಕೇ ಮತ್ತೆ ಎಣ್ಣೆ ಸೋರುತ್ತಾ ಹುಬ್ಬಳ್ಳಿ ಗೋಕುಲ ರಸ್ತೆಯ ಗ್ಯಾರೇಜ್‌ಗಳಿಗೆ ವಾಪಸ್ ಬರುವ ಟ್ರ್ಯಾಕ್ಟರ್, ಬೈಕ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಹಳ ಸಲ ಆರಿಸಿದ ರಬ್ಬರ್ ತಪ್ಪಿರುತ್ತದೆ, ಇಲ್ಲವೇ ಕೂರಿಸಿದ ರೀತಿ.

ಮೊದಲು ಹಳೆ ಸೀಲಿನ ನಂಬರ್ ಓದಿ. 35-52-7 ಎಂದಿದ್ದರೆ ಶಾಫ್ಟ್ 35 ಮಿ.ಮೀ., ಹೊರಗಿನ ಅಳತೆ 52, ದಪ್ಪ 7. ಅಳತೆ ಕೂಡಿದರಷ್ಟೇ ಸಾಲದು, ಯಾವ ರಬ್ಬರ್ ಅಂತ ಅಂಗಡಿಯಲ್ಲಿ ಕೇಳಿ. ಸಾದಾ ನೈಟ್ರೈಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಚೆನ್ನಾಗಿ ಬಾಳುತ್ತದೆ, ಚಕ್ರದ ಹಬ್‌ಗೆ ಸಾಕು. ಎಚ್‌ಎನ್‌ಬಿಆರ್ ಎಂಬ ರಬ್ಬರ್ 150ರವರೆಗೆ, ಎಫ್‌ಕೆಎಂ ಎಂಬುದು 200ರವರೆಗೆ ತಡೆಯುತ್ತದೆ. ಎಂಜಿನ್ ಕ್ರ್ಯಾಂಕ್‌ಗೆ ದುಡ್ಡು ಜಾಸ್ತಿಯಾದರೂ ಎಫ್‌ಕೆಎಂ ಹಾಕಿಸಿ. ಬಣ್ಣ ನೋಡಿ ನಂಬಬೇಡಿ, ಬಣ್ಣ ಯಾವ ರಬ್ಬರಿಗೂ ಕೊಡಬಹುದು. ರೇಡಿಯೇಟರ್ ಹೋಸ್‌ಗೆ ಹೊಂದುವ ಇಪಿಡಿಎಂ ರಬ್ಬರ್ ಎಂಜಿನ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ.

ಹಳೆಯದನ್ನು ಶಾಫ್ಟಿಗೆ ಗೀರು ಬೀಳದಂತೆ ಕೀಳಿ.

ಕೆಲಸ ಕೆಡುವುದು ಇನ್ನು ಮುಂದೆ. ಹಳೆ ಸೀಲಿನ ಲಿಪ್, ಅಂದರೆ ಶಾಫ್ಟಿಗೆ ತಾಗುವ ರಬ್ಬರ್ ಅಂಚು, ಉಜ್ಜುತ್ತಿದ್ದ ಜಾಗದಲ್ಲಿ ಶಾಫ್ಟ್ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಸವೆದಿದೆ ಎಂದರ್ಥ. ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿ.ಮೀ. ಹಿಂದೆ ಮುಂದೆ ಕೂರಿಸಿ, ಲಿಪ್ ನುಣುಪಾದ ಭಾಗಕ್ಕೆ ತಾಗಲಿ. ಗೆರೆ ಆಳವಾಗಿದ್ದರೆ ಶಾಫ್ಟಿಗೆ ಸ್ಲೀವ್ (ಮೇಲೆ ತೊಡಿಸುವ ತೆಳು ಲೋಹದ ಕವಚ) ಹಾಕಿಸಲೇಬೇಕು. ಕೀ ಕೂರುವ ತೋಡು ಅಥವಾ ಹಲ್ಲು ಇರುವ ಶಾಫ್ಟ್ ಆದರೆ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲಿಂದ ಸೀಲ್ ಜಾರಿಸಿ. ಆ ಚೂಪಿಗೆ ಲಿಪ್ ಕೂದಲೆಳೆಯಷ್ಟು ಕುಯ್ದರೂ ಸಾಕು, ಎಣ್ಣೆ ದಾರಿ ಹುಡುಕಿಕೊಳ್ಳುತ್ತದೆ. ಲಿಪ್‌ಗೆ ಗ್ರೀಸ್ ಹಚ್ಚಿ. ಒಣ ಸೀಲ್ ಶುರು ಮಾಡಿದ ಕೂಡಲೇ ಸುಡುತ್ತದೆ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಲಿ.

ಸುತ್ತಿಗೆಯಿಂದ ನೇರವಾಗಿ ಹೊಡೆಯಬೇಡಿ. ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿ. ಒಂದು ಕಡೆ ಓರೆಯಾದರೆ ತೆಗೆದು ಮತ್ತೆ ಶುರು ಮಾಡಿ, ಇನ್ನೊಂದು ಕಡೆಯಿಂದ ಬಡಿದು ಸರಿಮಾಡಲು ಹೋಗಬೇಡಿ. ಸೋರದಿರಲಿ ಅಂತ ಲಿಪ್‌ಗೆ ಸಿಲಿಕಾನ್ ಪೇಸ್ಟ್ ಬಳಿಯುವವರಿದ್ದಾರೆ. ದಯವಿಟ್ಟು ಬೇಡ, ಅದು ಉದುರಿ ಒಳಗೆ ಎಣ್ಣೆ ಓಡಾಡುವ ದಾರಿಯನ್ನು ಮುಚ್ಚುತ್ತದೆ.

ಇಷ್ಟಾಗಿಯೂ ಸೋರಿದರೆ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ಕಿಂಡಿ, ಬಿಚ್ಚಿ ನೋಡಿ. ಎರೆ ಹೊಲದ ಧೂಳು ಎಣ್ಣೆಗೆ ಮೆತ್ತಿ ಅದು ಮುಚ್ಚಿಹೋದರೆ ಒಳಗಿನ ಒತ್ತಡ ಏರಿ ಎಂಥ ಸೀಲನ್ನೂ ದಾಟಿ ಎಣ್ಣೆ ಬರುತ್ತದೆ. ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ ಹಾಕಿ.