ನೀರಿನ ಕಾರ್ಡ್ ಸಿಗದೆ ಆಟ ನಿಲ್ಲುತ್ತಿತ್ತು, ಹೀಗೆ ಸರಿಮಾಡಿದೆ

ರಾಯಚೂರಿನಲ್ಲಿ ಬೆಳೆದವನಿಗೆ ಕೃಷ್ಣಾ, ತುಂಗಭದ್ರಾ ನಡುವಿನ ನೆಲಕ್ಕಾಗಿ 1520ರಲ್ಲಿ ವಿಜಯನಗರ ಮತ್ತು ಬಿಜಾಪುರದ ನಡುವೆ ನಡೆದ ಯುದ್ಧದ ಮೇಲೆ ಒಂದು ಕಾರ್ಡ್ ಆಟ ಮಾಡಬೇಕು ಅನ್ನೋ ಆಸೆ ಬಹಳ ದಿನದ್ದು. ಇಬ್ಬರ ಆಟ, ಒಬ್ಬೊಬ್ಬರಿಗೆ 40 ಕಾರ್ಡ್. ಅದರಲ್ಲಿ 12 ನೀರಿನವು. ನೀರು ಇದ್ದರೇ ಆನೆ, ಕುದುರೆ, ಫಿರಂಗಿ ಇಳಿಸಬಹುದು.

ತೊಂದರೆ ಶುರುವಾಗಿದ್ದೇ ಇಲ್ಲಿ. ಮೊದಲ 7 ಕಾರ್ಡಿನಲ್ಲಿ ನೀರೇ ಬರುತ್ತಿರಲಿಲ್ಲ, ಬಂದರೂ ಒಂದೇ. ನನ್ನ ತಮ್ಮ ಮೂರು ಸರದಿ ಸುಮ್ನೆ ಕೂತಿದ್ದ. ನೋಡಿ ಬೇಜಾರಾಯ್ತು.

ಲೆಕ್ಕ ಹಾಕಿದೆ. 100 ಸಲ ಹಂಚಿದರೆ ಸುಮಾರು 30 ಸಲ ಹೀಗೇ ಆಗುತ್ತದೆ! ನೀರಿನ ಕಾರ್ಡ್ 16ಕ್ಕೆ ಏರಿಸಿದರೆ ಅದು 13ಕ್ಕೆ ಇಳಿಯುತ್ತದೆ, ಆದರೆ ಆಟದ ಕೊನೆಗೆ ಕೈತುಂಬ ಬರೀ ನೀರು, ಇಳಿಸಲು ಸೈನಿಕರಿಲ್ಲ. 1993ರಲ್ಲಿ ಬಂದ ಮ್ಯಾಜಿಕ್ ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡುವವರಿಗೂ ಇದೇ ಕಾಟ ಇದೆ. ಡ್ಯುಯೆಲ್ ಮಾಸ್ಟರ್ಸ್ ಅನ್ನೋ ಇನ್ನೊಂದು ಕಾರ್ಡ್ ಆಟದಲ್ಲಿ ಯಾವ ಕಾರ್ಡನ್ನಾದರೂ ಶಕ್ತಿಯ ಮೂಲವಾಗಿ ಇಡಬಹುದು. ದಾರಿ ಅಲ್ಲೇ ಸಿಕ್ಕಿತು.

ನೀರಿನ ಕಾರ್ಡುಗಳನ್ನು ಪೂರ್ತಿ ತೆಗೆದೆ. ಈಗ ಸರದಿಗೊಮ್ಮೆ ಕೈಯಲ್ಲಿರುವ ಯಾವುದಾದರೂ ಒಂದನ್ನು ಬೋರಲು ಇಟ್ಟರೆ ಅದೇ ನೀರು. ಯಾರೂ ಖಾಲಿ ಕೂರುವುದಿಲ್ಲ. ಅದಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಬೇರೆ: ಒಳ್ಳೆ ಆನೆಯನ್ನು ನೀರಿಗೆ ಬಿಡಬೇಕೋ, ಇಟ್ಟುಕೊಳ್ಳಬೇಕೋ ಅಂತ ತಮ್ಮ ಎಷ್ಟು ಹೊತ್ತು ಯೋಚಿಸುತ್ತಾನೆ ಅಂದರೆ, ನಿಜವಾದ ತಂತ್ರ ಅದೇ ಅಲ್ವಾ? ಮೊದಲು ಆಡುವವರು ಜಾಸ್ತಿ ಗೆಲ್ಲುತ್ತಿದ್ದರು, ಎರಡನೆಯವರಿಗೆ ಒಂದು ಕಾರ್ಡ್ ಹೆಚ್ಚು ಕೊಟ್ಟೆ.